ಬಾನಿಗೆ ಹೇಳಿದ ಸುಳ್ಳು

ಬಹ್ರಿನಿಸಾ ಅಜ್ಜಿ ಸುಳ್ಳು ಹೇಳುವವಳಲ್ಲ ಎಂಬುದು ಮಾರ್ಗಿಲಾನಿನ ಆ ಓಣಿಗೆಲ್ಲ ಗೊತ್ತಿದ್ದ ವಿಷಯ. ಕೊನೆಗೆ ಅದೇ ಅವಳ ಮೊಮ್ಮಗಳ ತಲೆಯ ಮೇಲೆ ಬಂದು ಕೂತಿತು.

ಅಜ್ಜಿಯ ನಿಜಕ್ಕೆ ಓಣಿಯ ಹೆಂಗಸರು ಹೆದರುತ್ತಿದ್ದರು. ಮದುವೆಯ ಪಲೋವ್ ತಿಂದು ಎಲ್ಲರೂ ಭೇಷ್ ಎನ್ನುತ್ತಿರುವಾಗ ಇವಳು ಅಕ್ಕಿ ಇನ್ನೊಂದು ಗಳಿಗೆ ಬೇಯಬೇಕಿತ್ತು ಎನ್ನುವಳು. ಹೊಸ ಸೊಸೆಯ ಮುಖ ನೋಡುವ ಶಾಸ್ತ್ರಕ್ಕೆ ಹೋದರೆ, ಹುಡುಗಿ ಒಳ್ಳೆಯವಳೇ, ಮೂಗು ಮಾತ್ರ ಅವರಪ್ಪನದು ಎಂದು ಹೇಳಿ ಬರುವಳು. ಇಂಥ ನಿಜದ ಪೆಟ್ಟು ತಿನ್ನುತ್ತಲೇ ಆ ಮನೆಯಲ್ಲಿ ಬಾಳಿದವಳು ಸೊಸೆ ಸನೋಬರ್. ಅವಳು ರಿಶ್ತಾನಿನ ಕುಂಬಾರರ ಮನೆಯ ಹೆಣ್ಣು. ಬಂದ ಹೊಸದರಲ್ಲಿ ಅವಳ ಕೈ ನೋಡಿ ಅತ್ತೆ ಹೇಳಿದ್ದು ಒಂದೇ ಮಾತು: "ಮಣ್ಣು ತುಳಿಯೋರ ಕೈ. ರೇಷ್ಮೆಗೆ ಆಗಲ್ಲ." ಮಗಳು ಮಸ್ತೂರಾ ಮದುವೆಗೆ ಬಂದ ಮೇಲೂ ಸನೋಬರ್‌ಗೆ ಆ ಮಾತು ಮರೆತಿರಲಿಲ್ಲ.

ಅಜ್ಜಿಯ ಒಬ್ಬನೇ ಮಗ ಎರ್ಗಶ್‌ಗೆ ಕುಮ್ತೆಪಾ ಸಂತೆಯಲ್ಲಿ ಬಟ್ಟೆ ಅಂಗಡಿ ಇತ್ತು. ಯಂತ್ರದಲ್ಲಿ ಅಚ್ಚೊತ್ತಿದ ಅಟ್ಲಾಸ್ ಎಂಬ ಬಣ್ಣಬಣ್ಣದ ಬಟ್ಟೆಯನ್ನು ಕೈಮಗ್ಗದ ರೇಷ್ಮೆ ಎಂದು ಹೇಳಿ ದಾಟಿಸುವುದು ಅಲ್ಲಿ ಎಲ್ಲರ ಕಸುಬು, ಇವನೂ ಅದನ್ನೇ ಮಾಡುತ್ತಿದ್ದ. ಆ ಅಂಗಡಿಯ ಮೆಟ್ಟಿಲನ್ನು ತಾಯಿ ಒಮ್ಮೆಯೂ ತುಳಿಯಲಿಲ್ಲ. "ನಿಮ್ಮಜ್ಜ ಈ ಊರಿಗೆಲ್ಲ ನೀಲಿ ಹಾಕಿಕೊಟ್ಟೋರು. ನೀನು ನಿಂತ್ಕೊಂಡು ಸುಳ್ಳು ಮಾರ್ತೀಯಲ್ಲೋ," ಎಂದು ಊಟಕ್ಕೆ ಕೂತಾಗಲೆಲ್ಲ ಚುಚ್ಚುವಳು. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಅವನಿಗೆ ಸಾಕಾಯಿತೋ ಅಥವಾ ಒಳಗೇ ಆಸೆಯಿತ್ತೋ, ಆ ವಸಂತದಲ್ಲಿ ಅಂಗಡಿಯನ್ನು ಷಡ್ಡಕನಿಗೆ ಬಿಟ್ಟುಕೊಟ್ಟು, ಅಜ್ಜನ ಕಾಲದ ಮಗ್ಗವನ್ನು ಅಟ್ಟದಿಂದ ಇಳಿಸಿದ. ಅಕ್ರೋಟ ಮರದ ಬುಡದಲ್ಲಿ ಅರ್ಧ ಹೂತಿದ್ದ ನೀಲಿಯ ಬಾನಿಯಲ್ಲಿ ಸನೋಬರ್ ಇದ್ದಿಲು ತುಂಬಿಡುತ್ತಿದ್ದಳು. ಅದನ್ನು ಖಾಲಿ ಮಾಡಿಸಿ ತೊಳೆಸಿದ.

ಇದಕ್ಕೆ ನೆಪ ಮಸ್ತೂರಾಳ ಮದುವೆ. ಚಳಿಗಾಲದಲ್ಲಿ ಕರೋಮತ್ ಮನೆಯವರು ಬಂದು ಶಾಸ್ತ್ರಕ್ಕೆ ರೊಟ್ಟಿ ಮುರಿದು ಸಂಬಂಧ ಗಟ್ಟಿಮಾಡಿದ್ದರು. ಕರೋಮತ್‌ಳ ಮಗ ತೋಹಿರ್ ಮೆತ್ತಗಿನವನು, ರೊಟ್ಟಿ ಸಾಗಿಸುವ ಸಣ್ಣ ಗಾಡಿ ಓಡಿಸುತ್ತಿದ್ದ. ಮಸ್ತೂರಾಗೆ ಅವನ ಮೇಲೆ ಮನಸ್ಸಿತ್ತು. ಅವನ ಗಾಡಿ ಓಣಿಯಲ್ಲಿ ಸದ್ದು ಮಾಡಿದರೆ ಸಾಕು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಲು ಹೋಗುತ್ತಿದ್ದಳು. ರೊಟ್ಟಿ ಮುರಿದ ದಿನ ಬೀಗರ ಮುಂದೆ ಎರ್ಗಶ್ ಎದೆಯುಬ್ಬಿಸಿ ಹೇಳಿಬಿಟ್ಟಿದ್ದ: "ನನ್ನ ಮಗಳು ಸಂತೆ ಅಟ್ಲಾಸ್ ಉಟ್ಕೊಂಡು ನಿಮ್ಮನೆಗೆ ಬರಲ್ಲ. ನಮ್ಮ ಮಗ್ಗದ್ದು, ನಮ್ಮ ಬಾನಿ ಬಣ್ಣದ್ದು ಉಟ್ಕೊಂಡು ಬರ್ತಾಳೆ." ಮದುವೆ ಕರ್ಬೂಜದ ಸುಗ್ಗಿ ಮುಗಿದ ಮೇಲೆ ಎಂದು ನಿಶ್ಚಯವಾಯಿತು.

ಅಲ್ಲಿಂದ ಸನೋಬರ್‌ಳ ಅಡುಗೆಮನೆ ಅವಳದಾಗಿ ಉಳಿಯಲಿಲ್ಲ. ಬಣ್ಣಕ್ಕೆ ಬೇಕೆಂದು ಈರುಳ್ಳಿ ಸಿಪ್ಪೆ ಎಸೆಯುವಂತಿಲ್ಲ, ದಾಳಿಂಬೆ ಸಿಪ್ಪೆ ಎಸೆಯುವಂತಿಲ್ಲ, ಅಕ್ರೋಟದ ಹಸಿ ಸಿಪ್ಪೆ ಮೆಟ್ಟಿಲ ಮೇಲೆಲ್ಲ ಒಣಗುತ್ತಿತ್ತು. ಒಂದು ಗುರುವಾರ ಪಲೋವ್ ಮಾಡೋಣವೆಂದು ಹೋದರೆ ದೊಡ್ಡ ಕಡಾಯಿಯ ತುಂಬ ಮಂಜಿಷ್ಠದ ಬೇರು ಕುದಿಯುತ್ತಿದೆ, ಹೊಸಿಲವರೆಗೂ ಕೆಂಪು ಕೆಂಪು.

"ಇದರಲ್ಲಿ ಇನ್ನು ಅಡುಗೆ ಮಾಡೋದು ಹೇಗೆ?"

"ತೊಳೆದ್ರೆ ಹೋಗುತ್ತೆ ಬಿಡು," ಎಂದ ಎರ್ಗಶ್.

"ತೊಳೆದ್ರೆ ಹೋಗೋ ಬಣ್ಣಾನ ರೇಷ್ಮೆಗೆ ಯಾಕೆ ಹಾಕ್ತೀರಿ?"

ಮಗ್ಗದ ಹಿಂದಿನಿಂದ ಮಸ್ತೂರಾ ಕಿಸಕ್ಕನೆ ನಕ್ಕಳು. ಆ ಗುರುವಾರದ ಪಲೋವ್ ನಸುಗೆಂಪಾಗಿತ್ತು. ಎಲ್ಲರೂ ಅಜ್ಜಿ ಏನು ಹೇಳುತ್ತಾಳೋ ಎಂದು ಕಾದರು. ಅಜ್ಜಿ ತುತ್ತು ನುಂಗಿ, "ಬಣ್ಣ ಚೆನ್ನಾಗಿ ಹಿಡಿದಿದೆ, ಉಪ್ಪು ಸಾಲದು," ಎಂದಳು.

ಹಾಗೆ ನೋಡಿದರೆ ಅವು ಒಳ್ಳೆಯ ದಿನಗಳೇ. ಅಪ್ಪ ಮಗಳು ಹಾಸಿನ ಎಳೆಗಳನ್ನು ಅಂಗಳದುದ್ದ ಹಿಗ್ಗಿಸಿ, ಬಣ್ಣ ತಾಗಬಾರದ ಕಡೆ ದಾರ ಸುತ್ತಿ ಕಟ್ಟುತ್ತಿದ್ದರು. ಅಜ್ಜಿ ಪಕ್ಕದಲ್ಲಿ ಕೂತು, ಗಂಟು ಸಡಿಲ, ಬಿಚ್ಚು ಎನ್ನುತ್ತಿದ್ದಳು. ಹಳದಿ ಮುಗಿಯಿತು, ಕೆಂಪು ಮುಗಿಯಿತು, ಎರಡೂ ಚೆನ್ನಾಗಿ ಬಂದವು. ಉಳಿದದ್ದು ನೀಲಿ ಒಂದೇ. ಅದು ಹುದುಗಿಸಿ ಬರಿಸಬೇಕಾದ ಬಣ್ಣ. ಬಾನಿಗೆ ನೀಲಿಯ ಉಂಡೆ, ಬೂದಿನೀರು, ಗೋಧಿ ಬೂಸಾ ಎಲ್ಲವನ್ನೂ ಅಜ್ಜಿ ತಾನೇ ಅಳೆದು ಹಾಕಿದಳು. ಸೊಸೆಯನ್ನು ಹತ್ತಿರ ಬಿಡಲಿಲ್ಲ.

ಬಾನಿ ಕೈಕೊಟ್ಟಿತು. ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟಬೇಕಾದ್ದು ಕಟ್ಟಲಿಲ್ಲ. ಎರ್ಗಶ್ ಒಂದು ಎಳೆ ಅದ್ದಿ ತೆಗೆದರೆ ಪಾತ್ರೆ ತೊಳೆದ ನೀರಿನ ಬಣ್ಣ. ವಾಸನೆಯಂತೂ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುವ ಹಾಗೆ. ಅವನು ಉಣ್ಣುವುದು ಬಿಟ್ಟ, ಮಾತೆತ್ತಿದರೆ ಸಿಡುಕಿದ. ಸಾರು ತಣ್ಣಗಿದೆ ಎಂದು ಬಟ್ಟಲು ನೂಕಿದಾಗ ಸನೋಬರ್ ಸುಮ್ಮನಿರಲಿಲ್ಲ. "ಬಾನಿ ಮೇಲಿನ ಸಿಟ್ಟನ್ನ ಬಾನಿಗೇ ತೋರಿಸಿ. ನನ್ನ ಸಾರು ಏನು ಮಾಡಿದೆ?"

"ಬೀಗರು ಕೇಳಿದ್ರೆ ಏನ್ ಹೇಳ್ಲಿ? ಸಂತೆಯಿಂದ ತಂದೆ ಅನ್ಲಾ?"

"ಅನ್ನಿ. ಹುಡುಗಿ ಹೋಗೋದು ಮುಖ್ಯ, ಏನು ಉಟ್ಕೊಂಡು ಹೋದ್ಳು ಅಂತ ಯಾರು ನೋಡ್ತಾರೆ?"

"ಕರೋಮತ್ ನೋಡ್ತಾಳೆ," ಎಂದಳು ಅಜ್ಜಿ. ಅದೂ ನಿಜವೇ.

ಮಾರನೆಯ ಬೆಳಿಗ್ಗೆ ಚಹಾ ಕುಡಿಯುವಾಗ ಅಜ್ಜಿ ರೊಟ್ಟಿ ಮುರಿದು ಎಲ್ಲರಿಗೂ ಹಂಚಿ, "ಇನ್ನು ಉಳಿದಿರೋದು ಒಂದೇ ದಾರಿ. ಸುಳ್ಳು ಹೇಳ್ಬೇಕು," ಎಂದಳು.

ಅಜ್ಜಿಯ ಬಾಯಲ್ಲಿ ಆ ಮಾತು ಕೇಳಿ ಮಸ್ತೂರಾ ಚಹಾ ನೆತ್ತಿಗೇರಿಸಿಕೊಂಡಳು.

"ನಗ್ಬೇಡ. ನಮ್ಮ ಮಾವನ ಕಾಲದಲ್ಲಿ ಬಾನಿ ಮುಖ ತಿರುಗಿಸಿದ್ರೆ ನಮ್ಮತ್ತೆ ಅದರ ಬಾಯಿಗೆ ಬಗ್ಗಿ ಒಂದು ಸುಳ್ಳು ಹೇಳೋರು. ಆಮೇಲೆ ಅದೇ ಸುಳ್ಳನ್ನ ಓಣಿಗೆ ಬಿಟ್ಟು ಬರೋರು. ಓಣಿ ನಂಬಿತೋ, ಬಾನಿ ಮತ್ತೆ ಸರಿಯಾಯ್ತು. ಒಂದ್ಸಲ ನಮ್ಮ ಮಾವ ಹಜ್‌ಗೆ ಹೊರಟಿದಾರೆ ಅಂತ ಬಿಟ್ರು. ಜನ ಬಂದು ಅವರ ಕೈ ಕಣ್ಣಿಗೆ ಒತ್ಕೊಂಡು ಹೋದ್ರು. ಪಾಪ, ಅವರು ಸಂತೆಗೆ ಹೊರಟಿದ್ರು."

"ನಿಜ ಗೊತ್ತಾದ್ಮೇಲೆ?"

"ಬಣ್ಣ ಮುಗಿದ್ಮೇಲೆ ಹೇಳಿದ್ರೆ ನಗ್ತಾರೆ, ಅಷ್ಟೇ. ಮುಗಿಯೋದ್ರೊಳಗೆ ಮಾತ್ರ ಹಿಂದಕ್ಕೆ ತಗೋಬಾರದು. ಮಾತು ಹಿಂದಕ್ಕೆ ಬಂದ್ರೆ ನೀಲಿನೂ ಹಿಂದಕ್ಕೆ ಹೋಗುತ್ತೆ."

ಎರ್ಗಶ್ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವನಿರಲಿಲ್ಲ. "ಹೇಳಮ್ಮ ಹಾಗಾದ್ರೆ. ನಿನ್ನ ಮಾತನ್ನ ನಂಬದೆ ಇರೋರು ಈ ಓಣೀಲಿ ಯಾರಿದಾರೆ?"

ಅಜ್ಜಿ ಬಾನಿಯ ಮುಚ್ಚಳ ಸರಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಏನೋ ಹೇಳಿದಳು. ಮುಚ್ಚಳ ಹಾಕಿ, ನಾನು ಹೇಳುವವರೆಗೂ ಯಾರೂ ತೆಗೆಯಬೇಡಿ ಎಂದಳು. ಮದುವೆಗಳಿಗೆ ಹೊದೆಯುವ ಬಿಳಿ ತಲೆವಸ್ತ್ರ ಹೊದ್ದು ಹೊರಟಾಗ ಸನೋಬರ್ ಬಾಗಿಲಲ್ಲಿ ತಡೆದಳು. "ಏನ್ ಹೇಳಿದ್ರಿ ಅತ್ತೆ?"

"ಯಾರಿಗೂ ಕೇಡಾಗದ್ದು. ಒಳ್ಳೇ ಸುಳ್ಳನ್ನೇ ಹುಡುಕಿ ಹೇಳಿದೀನಿ," ಎಂದು ಅತ್ತೆ ನಾಚಿಕೊಂಡ ಹುಡುಗಿಯ ಹಾಗೆ ಮುಖ ತಿರುಗಿಸಿ ಹೋದಳು.

ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸನೋಬರ್ ಬಾನಿಯ ಹೊಟ್ಟೆ ಮುಟ್ಟಿದಳು. ಹಿಮದಂತೆ ತಣ್ಣಗಿತ್ತು. ಮರದ ನೆರಳು ಬೇರೆ, ರಾತ್ರಿಯ ಗಾಳಿ ಬೇರೆ. ಹಿಟ್ಟು ಉಬ್ಬದಿದ್ದರೆ ಏನು ಮಾಡಬೇಕೆಂದು ರೊಟ್ಟಿ ಸುಡುವ ಯಾವ ಹೆಂಗಸಿಗೂ ಗೊತ್ತು. ಅವಳು ಒಂದು ಬಟ್ಟಲು ಹಿಪ್ಪುನೇರಳೆ ಪಾಕವನ್ನು ಬಾನಿಗೆ ಸುರಿದಳು, ಒಲೆಯ ಕೆಂಡವನ್ನು ಬುಡದ ಸುತ್ತ ಹರಡಿ ಬೂದಿ ಮುಚ್ಚಿದಳು, ಎಲ್ಲರೂ ಮಲಗಿದ ಮೇಲೆ ಹಳೆಯ ರಜಾಯಿ ಹೊದಿಸಿ ಬೆಳಗಾಗುವ ಮುಂಚೆ ತೆಗೆದಿಟ್ಟಳು. ಅಂಗಳ ಗುಡಿಸುವ ನೆಪದಲ್ಲಿ ಒಂದೆರಡು ದಿನ ಹಾಗೇ ಮಾಡಿದಳು. ಹೇಳಿದರೆ ಮಣ್ಣು ತುಳಿಯುವ ಕೈಯ ಮಾತು ಮತ್ತೆ ಏಳುತ್ತದೆಂದು ಬಾಯಿ ಮುಚ್ಚಿಕೊಂಡಳು. ಆಮೇಲೆ ಆ ಬಾಯಿ ಮುಚ್ಚಿಕೊಂಡದ್ದಕ್ಕೆ ಅವಳು ಅತ್ತದ್ದು ಸ್ವಲ್ಪವಲ್ಲ.

ಶುಕ್ರವಾರ ಮುಂಜಾನೆ ಅಜ್ಜಿ ಮುಚ್ಚಳ ತೆಗೆಸಿದಳು. ತಾಮ್ರದ ಕೆನೆ, ನಡುವೆ ನೀಲಿ ನೊರೆ. ಎರ್ಗಶ್ ಎಳೆ ಅದ್ದಿದ. ಹಸಿರಾಗಿ ಮೇಲೆ ಬಂದು, ಅವನ ಬೆರಳಿನಲ್ಲಿ ನೋಡನೋಡುತ್ತ ನೀಲಿಯಾಯಿತು. ಅವನು ತಾಯಿಯ ಕೈಗೆ ಮುತ್ತಿಟ್ಟ. ಅಜ್ಜಿ, "ಕೈ ಬಿಡೋ, ನೀಲಿ ಹತ್ತುತ್ತೆ," ಎಂದು ಗದರಿದರೂ ಮುಖವೆಲ್ಲ ನಗುವಾಗಿತ್ತು.

ಅಷ್ಟರಲ್ಲಿ ಮಾಂಸ ತುಂಬಿದ ಬಿಸಿ ಸಂಸಾಗಳ ತಟ್ಟೆ ಹಿಡಿದು ಪಕ್ಕದ ಮನೆಯ ತೋಜಿಖಾನ್ ಬಂದಳು. ಬಂದವಳೇ ಮಸ್ತೂರಾಳ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು.

"ಏನೇ ಹುಡುಗಿ, ಹೇಳದೇ ಕೇಳದೇ ಜಪಾನಿಗೆ ಹೊರಟಿದೀಯಂತೆ? ಎರಡು ವರ್ಷ ಅಲ್ಲಿನೋರಿಗೆ ಅಟ್ಲಾಸ್ ನೇಯೋದು ಕಲಿಸ್ತಾಳೆ ಅಂದ್ರು ನಿಮ್ಮಜ್ಜಿ. ಬೇರೆ ಯಾರಾದ್ರೂ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ. ಸನೋಬರ್, ನಮ್ಮ ಕಿರಿಯವಳನ್ನೂ ಜೊತೇಲಿ ಕರ್ಕೊಂಡು ಹೋಗ್ಲಿ ಕಣೇ, ಬಟ್ಟೆ ಒಗೆಯೋಕಾದ್ರೂ ಆಗ್ತಾಳೆ."

ಮಸ್ತೂರಾ ಅಪ್ಪನ ಮುಖ ನೋಡಿದಳು. ಅಪ್ಪ ನೀಲಿ ಎಳೆ ಹಿಡಿದ ಕೈಯಿಂದಲೇ ಸುಮ್ಮನಿರು ಎಂದು ಸನ್ನೆ ಮಾಡಿದ. ತೋಜಿಖಾನ್ ಹೋದ ಮೇಲೆ ಮಗಳು ಹೊಟ್ಟೆ ಹಿಡಿದು ನಕ್ಕಳು. "ಅಜ್ಜಿ, ಜಪಾನ್ ಎಲ್ಲಿದೆ ಗೊತ್ತಾ ನಿನಗೆ?"

"ದೂರ ಇದೆ ಅಂತ ಗೊತ್ತು. ಅಷ್ಟು ಸಾಕು."

ಸನೋಬರ್ ಮಾತ್ರ ನಗಲಿಲ್ಲ. "ಬೀಗರ ಕಿವಿಗೆ ಬಿದ್ರೆ? ತೋಹಿರ್‌ಗಾದ್ರೂ ಹೇಳಿಬಿಡ್ಲಿ ಇವಳು."

"ಒಂದು ವಾರ ಕಣೇ," ಎರ್ಗಶ್ ಕೈ ಮುಗಿಯುವುದೊಂದು ಬಾಕಿ. "ಅವನಿಗೆ ಹೇಳಿದ್ರೆ ಅವರಮ್ಮನಿಗೆ ಹೇಳ್ತಾನೆ, ಅವಳು ಹೇಳಿದ್ರೆ ಓಣಿ ಪೂರ್ತಿ. ಹಾಸು ಪೂರಾ ನೀಲಿ ಕುಡೀಲಿ. ಆಮೇಲೆ ನಾನೇ ಹೋಗಿ ಹೇಳಿ, ಜೊತೇಲಿ ನಕ್ಕು ಬರ್ತೀನಿ. ಮಗಳೇ, ಒಂದು ವಾರ ಬಾಯಿ ಬಿಡ್ಬೇಡ."

ಮಸ್ತೂರಾ ಹೂಂ ಎಂದಳು. ಅಪ್ಪನನ್ನು ಅಷ್ಟು ಖುಷಿಯಾಗಿ ಅವಳು ನೋಡಿರಲಿಲ್ಲ.

ಸುಳ್ಳು ಓಣಿಯಲ್ಲಿ ಕೈಕಾಲು ಬೆಳೆಸಿಕೊಂಡಿತು. ಎರಡು ವರ್ಷ ಮೂರಾಯಿತು. ಹೆಂಗಸರ ಚಹಾಕೂಟದಲ್ಲಿ ಜಪಾನಿನವರು ಮನೆ ಕೊಡುತ್ತಾರಂತೆ ಎಂದಾಯಿತು, ಆಮೇಲೆ ಆ ಮನೆಯಲ್ಲೊಬ್ಬ ಗಂಡಸು ಇದ್ದಾನಂತೆ ಎಂದಾಯಿತು. ಇತ್ತ ಮನೆಯಲ್ಲಿ ಅಪ್ಪ ಹಾಸನ್ನು ಬಾನಿಗೆ ಇಳಿಸುವುದು, ಗಾಳಿಗೆ ಹಿಡಿಯುವುದು, ಮತ್ತೆ ಇಳಿಸುವುದು. ತೋಹಿರ್ ಫೋನ್ ಮಾಡಿದ. ಮಸ್ತೂರಾ ಅಕ್ರೋಟ ಮರದ ಹಿಂದೆ ಹೋಗಿ ಮಾತಾಡಿದಳು.

"ನಿಜಾನಾ?" ಎಂದು ಅವನು ಕೇಳಿದ.

"ಆಮೇಲೆ ಹೇಳ್ತೀನಿ."

"ಇಲ್ಲ ಅಂತನಾದ್ರೂ ಹೇಳು."

"ಒಂದು ವಾರ ಕೇಳ್ಬೇಡ, ನಿನ್ನ ದಮ್ಮಯ್ಯ."

ಅವಳು ಒಳಗೆ ಬಂದಾಗ ಮುಖ ಬಾಡಿತ್ತು. ಸನೋಬರ್ ಅದನ್ನು ಕಂಡಳು, ನಾಳೆ ಅತ್ತೆಯ ಹತ್ತಿರ ಮಾತಾಡಬೇಕು ಎಂದುಕೊಂಡಳು. ನಾಳೆ ಎನ್ನುವುದು ನಾಡಿದ್ದಾಯಿತು. ಅಷ್ಟರಲ್ಲಿ ಕರೋಮತ್‌ಳ ನಾದಿನಿ ದೊಡ್ಡದೊಂದು ಗಂಟು ಹೊತ್ತು ಬಂದಳು. ರೊಟ್ಟಿ ಮುರಿದ ದಿನದಿಂದ ಈ ಮನೆಯಿಂದ ಆ ಮನೆಗೆ ಹೋದ ಬಟ್ಟೆ ಬರೆಯೆಲ್ಲ ಮಡಿಕೆ ಬಿಚ್ಚದೆ ಅದರಲ್ಲಿತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ನಮ್ಮತ್ತಿಗೆ ಹೇಳಿ ಕಳಿಸಿದಾಳೆ. ನಮಗೆ ಬೇಕಿದ್ದಿದ್ದು ಮನೆಗೊಬ್ಬ ಸೊಸೆ, ಜಪಾನಿಗೆ ಮೇಷ್ಟ್ರಲ್ಲ. ಹೋಗೋದಿದ್ರೆ ಸಂತೋಷವಾಗಿ ಹೋಗ್ಲಿ. ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡಿದ್ರಲ್ಲ, ಅದಕ್ಕೆ ಮನಸ್ಸು ಮುರೀತು."

ಸನೋಬರ್ ಗಂಟನ್ನು ಅಂಗಳದ ಮಂಚದ ಮೇಲೆ ಎರ್ಗಶ್‌ನ ಮುಂದೆ ತಂದು ಹಾಕಿದಳು.

"ಈಗಲೇ ಹೋಗಿ. ಸುಳ್ಳು ಅಂತ ಹೇಳಿ ಬನ್ನಿ."

"ನಾಳೆ ಕೊನೇ ಸಲ ಅದ್ದೋದು..."

"ನಿಮಗೆ ಬಾನಿ ಬೇಕೋ ಮಗಳು ಬೇಕೋ?"

"ಇದು ಅವಳ ಮದುವೆ ಉಡುಗೆಗೇನೇ ಅಲ್ವೇನೇ?"

"ಮದುವೆ ಎಲ್ಲಿದೆ ಈಗ?"

ಅಜ್ಜಿ ಮೆಲ್ಲನೆ, "ಈಗ ಮಾತು ಹಿಂದಕ್ಕೆ ತಗೊಂಡ್ರೆ ನೀಲಿ ಒಡೆಯುತ್ತೆ ಸನೋಬರ್. ಎರಡೂ ಹೋಗುತ್ತೆ. ನಾಳೆ ನಾನೇ ಹೋಗ್ತೀನಿ," ಎಂದಳು.

"ಒಡೆಯಲ್ಲ ಅತ್ತೆ. ನಿಮ್ಮ ಸುಳ್ಳಿಂದ ಅದು ಬದುಕಿದ್ದಲ್ಲ." ಸನೋಬರ್‌ಗೆ ತಡೆಯಲಾಗದೆ ಎರಡೂ ಕೈ ಅತ್ತೆಯ ಮುಂದೆ ಚಾಚಬೇಕೆನಿಸಿತು, ಚಾಚಿದಳು. "ಬಾನಿ ತಣ್ಣಗಿತ್ತು. ನಾನು ಪಾಕ ಹಾಕಿದೆ, ಕೆಂಡ ಇಟ್ಟೆ, ರಜಾಯಿ ಹೊದಿಸಿದೆ. ಈ ಮಣ್ಣು ಕೈಯಲ್ಲೇ."

ಅತ್ತೆ ಈಗ ಬೈಯುತ್ತಾಳೆ ಎಂದು ಸನೋಬರ್ ಕಾದಳು. ಬೈದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಮುದುಕಿ ಸೊಸೆಯ ಕೈಯನ್ನೇ ನೋಡುತ್ತ ಕೂತಿದ್ದಳು.

"ಅವತ್ತೇ ಹೇಳಿದ್ರೆ ನಾನು ಮಾತು ವಾಪಸ್ ತಗೋತಿದ್ದೆನಲ್ಲೇ," ಎಂದಳು ಕೊನೆಗೆ. "ನನ್ನ ಸುಳ್ಳು ಏನಕ್ಕೂ ಬೇಕಿರಲಿಲ್ಲ. ಹುಡುಗಿ ಮನೆ ಮಾತ್ರ ಮುರೀತು."

"ಹೇಳೋ ಹಾಗೆ ನನ್ನ ಯಾವತ್ತು ಇಟ್ಕೊಂಡಿದ್ರಿ ಅತ್ತೆ?"

ಅಜ್ಜಿ ಎದ್ದು ಬಿಳಿ ತಲೆವಸ್ತ್ರ ಹುಡುಕಿದಳು. ಸನೋಬರ್ ತಾನೇ ಅದನ್ನು ತಂದು ಹೊದಿಸಿದಳು. ಅತ್ತೆ ಸೊಸೆ ಒಬ್ಬರ ತೋಳು ಒಬ್ಬರು ಹಿಡಿದು ಓಣಿಯಲ್ಲಿ ನಡೆದು ಹೋದದ್ದನ್ನು ಜನ ಅಂದೇ ಮೊದಲು ನೋಡಿದ್ದು.

ಕರೋಮತ್ ಮರ್ಯಾದೆಯಲ್ಲಿ ಕಮ್ಮಿ ಮಾಡಲಿಲ್ಲ. ಮೇಲಿನ ಜಾಗದಲ್ಲಿ ಕೂರಿಸಿದಳು, ಬಾದಾಮಿ, ಒಣದ್ರಾಕ್ಷಿ ಮುಂದಿಟ್ಟಳು. ಅಂಗಳದಲ್ಲಿ ತೋಹಿರ್ ತೊಳೆದ ಗಾಡಿಯನ್ನೇ ಮತ್ತೆ ತೊಳೆಯುತ್ತಿದ್ದ, ತಲೆ ಎತ್ತಲಿಲ್ಲ. ಅಜ್ಜಿ ಎಲ್ಲವನ್ನೂ ಹೇಳಿದಳು: ಬಾನಿ ಸತ್ತದ್ದು, ತನ್ನ ಅತ್ತೆ ಕಲಿಸಿದ್ದು, ತಾನು ಬಗ್ಗಿ ಹೇಳಿದ್ದು, ಹುಡುಗಿ ಎಲ್ಲಿಗೂ ಹೋಗುತ್ತಿಲ್ಲವೆಂದು. ಹೇಳುತ್ತ ಹೇಳುತ್ತ ಅವಳ ಧ್ವನಿ ನಡುಗಿತು. ನಿಜ ಹೇಳುವಾಗ ಅವಳ ಧ್ವನಿ ಎಂದೂ ನಡುಗಿದ್ದಿಲ್ಲ.

ಕರೋಮತ್ ಪೂರ್ತಿ ಕೇಳಿಸಿಕೊಂಡಳು. ಅವಳ ಕಣ್ಣಲ್ಲೂ ನೀರು ಬಂತು.

"ಅಮ್ಮಾ, ನನ್ನ ಮದುವೆ ದಿನ ನನ್ನ ಮುಖಕ್ಕೇ ಕಪ್ಪು ಹುಡುಗಿ ಅಂದೋರು ನೀವು. ನಿಮ್ಮ ಬಾಯಲ್ಲಿ ಸುಳ್ಳು ಬರಲ್ಲ ಅಂತ ನನಗೆ ಗೊತ್ತು. ಈಗ ಮೊಮ್ಮಗಳಿಗೋಸ್ಕರ ಕಷ್ಟಪಟ್ಟು ಒಂದು ಹೇಳ್ತಿದೀರಿ. ನಿಮ್ಮ ಜಾಗದಲ್ಲಿದ್ರೆ ನಾನೂ ಹೇಳ್ತಿದ್ದೆ."

"ಅಲ್ಲ ಕಣೇ ತಾಯಿ, ಇದೇ ನಿಜ. ಅದು ಸುಳ್ಳು."

"ನಿಜ ಆಗಿದ್ರೆ ಹುಡುಗಿ ನಮ್ಮ ತೋಹಿರ್‌ಗೆ ಇಲ್ಲ ಅಂತ ಒಂದು ಮಾತು ಹೇಳ್ತಿರ್ಲಿಲ್ವಾ? ಒಂದು ವಾರ ಕೇಳ್ಬೇಡ ಅಂದ್ಲಂತೆ."

"ಅದು ಅವರಪ್ಪ..." ಎಂದು ಸನೋಬರ್ ಶುರುಮಾಡಿದಳು. ಅಪ್ಪ ಬಣ್ಣಕ್ಕಾಗಿ ಮಗಳ ಬಾಯಿ ಕಟ್ಟಿದ ಎಂದು ಬೀಗರ ಮನೆಯಲ್ಲಿ ಹೇಳುವುದು ಹೇಗೆ? ಹೇಳಿದರೂ ಅದು ಕಟ್ಟುಕಥೆಯ ಹಾಗೇ ಕೇಳಿಸುತ್ತಿತ್ತು.

"ಭಾನುವಾರ ಬೇರೆ ಕಡೆ ಹೆಣ್ಣು ನೋಡೋಕೆ ಮಾತು ಕೊಟ್ಟಾಗಿದೆ," ಎನ್ನುತ್ತ ಕರೋಮತ್ ಬಟ್ಟಲಿಗೆ ಚಹಾ ಬಗ್ಗಿಸಿದಳು. ಇನ್ನೂ ಕೂತಿರಲಿ ಎಂದು ಬಯಸುವ ಅತಿಥಿಗೆ ಬಟ್ಟಲಿನ ತಳಕ್ಕಷ್ಟೇ ಹಾಕುವುದು, ಮತ್ತೆ ಮತ್ತೆ ಹಾಕುವುದಕ್ಕೆ. ಕುಡಿದು ಹೊರಡಿ ಎನ್ನುವಂತೆ ಅವಳು ಅಂಚಿನವರೆಗೂ ತುಂಬಿಸಿದಳು. ಅಜ್ಜಿ ಆ ತುಂಬಿದ ಬಟ್ಟಲು ನೋಡಿ, ಕುಡಿಯದೆ ಎದ್ದಳು.

ಮರುದಿನ ಎರ್ಗಶ್ ಹಾಸನ್ನು ಕೊನೆಯ ಸಲ ಬಾನಿಯಿಂದ ಎತ್ತಿದ. ಗಂಟುಗಳನ್ನು ಬಿಚ್ಚಿದಂತೆ ಹಳದಿ, ಕೆಂಪಿನ ಅಂಚಿಗೆ ನೀಲಿ ಮೋಡದ ಹಾಗೆ ಹರಡಿಕೊಂಡು ಕಾಣಿಸಿತು. ಅಜ್ಜನ ಕಾಲದ ತುಂಡೊಂದು ಪೆಟ್ಟಿಗೆಯಲ್ಲಿತ್ತು, ಇದು ಅದಕ್ಕಿಂತ ಚೆನ್ನಾಗಿತ್ತು. ಅವನಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸನೋಬರ್ ಅಡುಗೆಮನೆಯಿಂದ ಹೊರಬರಲಿಲ್ಲ. ಅಜ್ಜಿ ಮಂಚದ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಒದ್ದೆ ಹಾಸಿನ ಇನ್ನೊಂದು ತುದಿ ಹಿಡಿಯದೆ ಅದನ್ನು ಹರಡುವಂತಿರಲಿಲ್ಲ. ಅವನು ಎರಡು ಸಲ ಕೆಮ್ಮಿ, ಮಗಳನ್ನು ಕರೆದ.

ಮಸ್ತೂರಾ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ತುದಿ ಹಿಡಿದು, ಅಂಗಳದ ಆಚೆ ಕೊನೆಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ನಡೆದಳು. ರೇಷ್ಮೆ ಇಬ್ಬರ ನಡುವೆ ಹಿಗ್ಗಿತು.

"ಒಳ್ಳೇ ಬಣ್ಣ ಬಂದಿದೆ ಮಗಳೇ," ಎಂದ ಎರ್ಗಶ್, ಏನು ಹೇಳಬೇಕೆಂದು ತಿಳಿಯದೆ. "ಬೇರೆ ಸಂಬಂಧ ಬರ್ತವೆ. ಇದನ್ನ ನಿನಗೇ ಅಂತ ಎತ್ತಿಡ್ತೀನಿ. ಬಾನಿ ಇನ್ನು ಕೈ ಕೊಡಲ್ಲ."

ಮಸ್ತೂರಾ ಅಜ್ಜಿಯ ಬೆನ್ನು ನೋಡುತ್ತ ಹೇಳಿದಳು.

"ಅಜ್ಜಿ, ಮುಂದಿನ ಸಲ ಬಾನಿ ಸತ್ತಾಗ, ಮಸ್ತೂರಾಗೆ ಏನೂ ಬೇಜಾರಾಗಿಲ್ಲ ಅಂತ ಅದಕ್ಕೆ ಹೇಳು. ಅದಕ್ಕಿಂತ ದೊಡ್ಡ ಸುಳ್ಳು ನಿನಗೆ ಸಿಗಲ್ಲ."

ಎರ್ಗಶ್‌ನ ಕೈ ಸಡಿಲವಾಯಿತು. ಒದ್ದೆ ರೇಷ್ಮೆ ನಡುವೆ ಜೋತು ಅಂಗಳದ ಮಣ್ಣಿಗೆ ತಾಗಿತು.